ಕ್ಯೂಆರ್ ಇರಲಿ, ಕಿರ್ದಿಯೂ ಇರಲಿ

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ದಿನಕ್ಕೆ ಸರಾಸರಿ 16 ಸಾವಿರ ರೂಪಾಯಿ ವ್ಯಾಪಾರ. ಅದರಲ್ಲಿ 9–10 ಸಾವಿರ ಫೋನಿನಲ್ಲೇ ಬರುತ್ತದೆ, ಅದೂ ನನ್ನ ಸ್ವಂತ ಉಳಿತಾಯ ಖಾತೆಗೆ. 2025ರ ಜುಲೈನಲ್ಲಿ ಜಿಎಸ್‌ಟಿ ನೋಟಿಸಿನ ಗಲಾಟೆ ಎದ್ದಾಗ ಅಕ್ಕಪಕ್ಕದವರು ಕ್ಯೂಆರ್ ತೆಗೆದು ‘ನಗದು ಮಾತ್ರ’ ಎಂದು ಬರೆದು ಹಾಕಿದರು. ನಾನೂ ತೆಗೆಯಬೇಕೇ ಎಂಬ ಗೊಂದಲ ಇನ್ನೂ ಹೋಗಿಲ್ಲ. ಮಗಳು ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಳ್ಳೋಣ, ಬಿಲ್ಲಿಂಗ್ ಆ್ಯಪ್ ಹಾಕೋಣ ಎನ್ನುತ್ತಾಳೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕ್ಯೂಆರ್ ತೆಗೆಯಬೇಡಿ. ತೆಗೆದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ, ತೆರಿಗೆಯ ವಿಚಾರ ಮಾತ್ರ ಇದ್ದಲ್ಲೇ ಇರುತ್ತದೆ. ಜಿಎಸ್‌ಟಿ ಕಾಯ್ದೆ ನೋಡುವುದು ವರ್ಷದ ಒಟ್ಟು ವಹಿವಾಟನ್ನು. ಹಣ ನೋಟಿನಲ್ಲಿ ಬಂತೋ ಫೋನಿನಲ್ಲಿ ಬಂತೋ ಎಂಬುದು ಅದಕ್ಕೆ ಮುಖ್ಯವಲ್ಲ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ. ನಿಮ್ಮ 16 ಸಾವಿರವನ್ನು ವರ್ಷಕ್ಕೆ 350 ದಿನದ ಲೆಕ್ಕದಲ್ಲಿ ಗುಣಿಸಿದರೆ 56 ಲಕ್ಷ. ಫೋನಿನಲ್ಲಿ ಬಂದದ್ದು ದಿನಕ್ಕೆ 9,500 ಎಂದರೆ 33 ಲಕ್ಷ ಚಿಲ್ಲರೆ. ಬ್ಯಾಂಕಿನಲ್ಲಿ ಕಾಣುವುದು 40 ಲಕ್ಷದ ಒಳಗಿದೆ ಎಂದು ಸಮಾಧಾನಪಟ್ಟುಕೊಂಡು ಕೂರಬೇಡಿ. ಕಾನೂನು ಕೇಳುವುದು 56 ಲಕ್ಷದ ಲೆಕ್ಕವನ್ನು.

ಆ ಜುಲೈನಲ್ಲಿ ಆದದ್ದೇನು ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಮುಂದಿನ ದಾರಿ ಕಾಣುತ್ತದೆ. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮಾ ಮೊತ್ತವನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ನಿಮ್ಮ ಜಿಲ್ಲೆಯದೇ ಸುದ್ದಿ ನೆನಪಿರಬಹುದು: ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ ಸುಮಾರು 29 ಲಕ್ಷ ತೆರಿಗೆ ಎಂದು ನೋಟಿಸ್ ಬಂದಿತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ಆದರೂ ನೋಟಿಸ್ ಬಂದದ್ದು ಯಾಕೆ? ಬ್ಯಾಂಕಿನ ದಾಖಲೆಯಲ್ಲಿ ‘ಇಷ್ಟು ಹಣ ಬಂತು’ ಎಂದಷ್ಟೇ ಇರುತ್ತದೆ, ಬಂದದ್ದು ಬದನೆಕಾಯಿಗೋ ಬಿಸ್ಕತ್ತಿಗೋ ಎಂದು ಇರುವುದಿಲ್ಲ. ಇಲಾಖೆ ಆಮೇಲೆ ಇವು ಅಂತಿಮ ಆದೇಶಗಳಲ್ಲ, ದಾಖಲೆ ಕೊಟ್ಟು ಉತ್ತರಿಸಬಹುದು ಎಂದು ತಿಳಿಸಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿ ಸಂಘಟನೆಗಳ ಸಭೆ ಕರೆದು, ನೋಂದಣಿ ಮಾಡಿಸಿ ಮುಂದೆ ತೆರಿಗೆ ಕಟ್ಟುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಗಲಾಟೆ ತಣ್ಣಗಾಯಿತು. ಮೂಲ ಸಮಸ್ಯೆ ಹಾಗೇ ಇದೆ.

ಮೊದಲು ನಿಮ್ಮ ಅಂಗಡಿಯ ಲೆಕ್ಕ ಬರೆಯುತ್ತಿದ್ದವರು ನೀವೊಬ್ಬರೇ. ಈಗ ನಿಮ್ಮ ಪರವಾಗಿ ಬ್ಯಾಂಕೂ ಒಂದು ಕಿರ್ದಿ ಬರೆಯುತ್ತಿದೆ, ದಿನಾಂಕ, ಗಂಟೆ, ನಿಮಿಷದ ಸಮೇತ. ಆ ಕಿರ್ದಿಯಲ್ಲಿ ಜಮಾ ಪಕ್ಕೆ ಮಾತ್ರ ಇದೆ, ಬಾಬತ್ತಿನ ಕಾಲಂ ಇಲ್ಲ. ಆ ಕಾಲಂ ತುಂಬುವ ಕೆಲಸ ನಿಮ್ಮದು. ಮೊಬೈಲ್ ಬಂದು ವ್ಯಾಪಾರದಲ್ಲಿ ಆಗಿರುವ ದೊಡ್ಡ ಬದಲಾವಣೆ ಇದೇ ಎಂಬುದು ನನ್ನ ಅಭಿಪ್ರಾಯ. ಆ್ಯಪ್, ಪ್ರಿಂಟರ್, ಕ್ಯಾಟಲಾಗ್ ಎಲ್ಲ ಇದರ ನಂತರದ ಮಾತು.

ಒಂದು ಉದಾಹರಣೆ ನೋಡಿ. ಸಂಜೆ ಒಬ್ಬರು ಬಂದು, “ಎಟಿಎಂನಾಗ ರೊಕ್ಕ ಇಲ್ರೀ, 500 ಫೋನಿಗೆ ಹಾಕ್ತೀನಿ, ನೋಟು ಕೊಡ್ರಿ” ಅನ್ನುತ್ತಾರೆ. ಪರಿಚಯದವರು, ಕೊಡುತ್ತೀರಿ. ನಿಮಗೆ ಒಂದು ಪೈಸೆ ವ್ಯಾಪಾರ ಆಗಿಲ್ಲ, ಬ್ಯಾಂಕಿನ ಕಿರ್ದಿಯಲ್ಲಿ 500 ಜಮಾ. ಇನ್ನೊಬ್ಬರು ಹೋದ ತಿಂಗಳ ಉದ್ರಿ 600 ರೂಪಾಯಿ ಕಳಿಸುತ್ತಾರೆ. ಆ ಸರಕನ್ನು ಕೊಟ್ಟ ದಿನವೇ ನೀವು ಮಾರಾಟ ಎಂದು ಬರೆದಿದ್ದರೆ, ಇಂದಿನ 600 ಮಾರಾಟವಲ್ಲ, ಬಾಕಿ ವಸೂಲಿ. ತಮ್ಮ ಬೆಂಗಳೂರಿನಿಂದ ಅವ್ವನ ಔಷಧಕ್ಕೆ ಕಳಿಸಿದ 3 ಸಾವಿರ, ಚೀಟಿ ಎತ್ತಿದ ಹಣ, ಬಂಗಾರದ ಸಾಲದ ಹಣ ಎಲ್ಲವೂ ಅದೇ ಉಳಿತಾಯ ಖಾತೆಗೆ ಬೀಳುತ್ತವೆ. ದಿನಕ್ಕೆ 1,100 ರೂಪಾಯಿ ಹೀಗೆ ವ್ಯಾಪಾರವಲ್ಲದ್ದು ಸೇರಿದರೆ ವರ್ಷಕ್ಕೆ 3.85 ಲಕ್ಷ. ಮೂರು ವರ್ಷ ಬಿಟ್ಟು ಯಾರಾದರೂ ಕೇಳಿದರೆ ಯಾವ 500 ಯಾಕೆ ಬಂತು ಎಂದು ಯಾರಿಗೂ ನೆನಪಿರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಖಾತೆ ಬೇರೆ ಮಾಡುವುದು. ಅಂಗಡಿ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಿರಿ. ಒಬ್ಬರದೇ ಒಡೆತನದ ಅಂಗಡಿಗೆ ಬ್ಯಾಂಕುಗಳು ಸಾಮಾನ್ಯವಾಗಿ ವ್ಯಾಪಾರದ ಎರಡು ದಾಖಲೆ ಕೇಳುತ್ತವೆ: ಉದ್ಯಮ್ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ) ನೋಂದಣಿ ಪತ್ರ ಮತ್ತು ನಗರಸಭೆಯ ಟ್ರೇಡ್ ಲೈಸೆನ್ಸ್ ಅಥವಾ ಜಿಎಸ್‌ಟಿ ಪತ್ರ. ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ಅದೇ ಹೆಸರಿನ ಹಾಗೆ ಕಾಣುವ ಖಾಸಗಿ ಜಾಲತಾಣಗಳು ಸಾವಿರ, ಎರಡು ಸಾವಿರ ಕೇಳುತ್ತವೆ, ಕೊಡಬೇಡಿ. ಖಾತೆ ತೆರೆಯುವಾಗ ಕನಿಷ್ಠ ಎಷ್ಟು ಹಣ ಉಳಿಸಬೇಕು, ತಿಂಗಳಿಗೆ ಎಷ್ಟು ನಗದು ಕಟ್ಟುವವರೆಗೆ ಶುಲ್ಕ ಇಲ್ಲ ಎಂಬ ಎರಡು ಪ್ರಶ್ನೆ ಕೇಳಿಕೊಳ್ಳಿ. ಚಾಲ್ತಿ ಖಾತೆಯಲ್ಲಿ ಹಣ ಸೋರುವುದು ಇಲ್ಲೇ.

ಆ ಖಾತೆಗೆ ವ್ಯಾಪಾರಿ ಕ್ಯೂಆರ್ ತೆಗೆದುಕೊಳ್ಳಿ. ಈಗ ನಿಮ್ಮ ಹತ್ತಿರ ಇರುವುದು ವೈಯಕ್ತಿಕ ಕ್ಯೂಆರ್. ನೋಡಲು ಎರಡೂ ಒಂದೇ ಥರದ ಚೌಕ, ಒಳಗಿನ ವ್ಯವಸ್ಥೆ ಬೇರೆ. ವೈಯಕ್ತಿಕ ಕ್ಯೂಆರ್‌ಗೆ ರುಪೇ ಕ್ರೆಡಿಟ್ ಕಾರ್ಡ್ ಜೋಡಿಸಿದ ಯುಪಿಐನಿಂದ ಹಣ ಹಾಕಲು ಆಗುವುದಿಲ್ಲ. ಗಿರಾಕಿಯ ಫೋನಿನಲ್ಲಿ ವ್ಯವಹಾರ ವಿಫಲ ಎಂದು ಬರುತ್ತದೆ, ನಿಮ್ಮ ನೆಟ್‌ವರ್ಕ್ ಸರಿ ಇಲ್ಲ ಎಂದುಕೊಂಡು ಅವರು ಹೋಗುತ್ತಾರೆ. ವ್ಯಾಪಾರಿ ಕ್ಯೂಆರ್‌ನಲ್ಲಿ ಆ ತೊಂದರೆ ಇಲ್ಲ. ಜೊತೆಗೆ ದಿನದ ಪೂರ್ತಿ ಪಟ್ಟಿ, ಸಮಯ, ಮೊತ್ತ, 12 ಅಂಕಿಯ ವ್ಯವಹಾರ ಸಂಖ್ಯೆ ಸಹಿತ ಇಳಿಸಿಕೊಳ್ಳಬಹುದು. ತಿಂಗಳ ಕೊನೆಗೆ ಲೆಕ್ಕ ಹೊಂದಿಸುವಾಗ ಆ ಪಟ್ಟಿಯೇ ಆಧಾರ.

ಖರ್ಚಿನ ಬಗ್ಗೆ ಹೇಳುವುದಾದರೆ, ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ ವ್ಯಾಪಾರಿಯಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ. 2020ರ ಜನವರಿ 1ರಿಂದ ಈ ನಿಯಮ ಇದೆ. ವಾಲೆಟ್ ಮತ್ತು ಕ್ರೆಡಿಟ್ ಕಾರ್ಡ್ ಮೂಲಕ ಬರುವ ದೊಡ್ಡ ಮೊತ್ತಕ್ಕೆ ಶುಲ್ಕ ಬೀಳಬಹುದು. ಏಜೆಂಟ್ ಕ್ಯೂಆರ್ ಹಚ್ಚಲು ಬಂದಾಗ ನಾಲ್ಕು ವಿಷಯ ಬಾಯಿಬಿಟ್ಟು ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಹಣ ಕೂಡಲೇ ಖಾತೆಗೆ ಬೀಳುತ್ತದೋ, ರಾತ್ರಿಗೋ, ಮರುದಿನಕ್ಕೋ? ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್‌ನ ಬಾಡಿಗೆ ತಿಂಗಳಿಗೆ ಎಷ್ಟು? ಬಾಡಿಗೆಯನ್ನು ಬೇರೆ ಕಟ್ಟಬೇಕೋ ಬರುವ ಹಣದಲ್ಲೇ ಹಿಡಿದುಕೊಳ್ಳುತ್ತಾರೋ? ವಾಪಸ್ ಕೊಟ್ಟರೆ ಠೇವಣಿ ಮರಳಿ ಬರುತ್ತದೋ? ಬೆಳಿಗ್ಗೆ ಸರಕು ತಂದು ಹಾಕುವ ಲೈನ್ ಗಾಡಿಯವರಿಗೆ ಹಣ ಕೊಡಬೇಕಾದ ಅಂಗಡಿಗೆ ಮೊದಲನೇ ಪ್ರಶ್ನೆ ಬಹಳ ಮುಖ್ಯ. ಭಾನುವಾರದ ವ್ಯಾಪಾರದ ಹಣ ಸೋಮವಾರ ಮಧ್ಯಾಹ್ನ ಬಂದರೆ ಸೋಮವಾರ ಬೆಳಗಿನ ಸರಕು ತಪ್ಪುತ್ತದೆ.

ಸೌಂಡ್‌ಬಾಕ್ಸ್ ಬೇಕೇ ಎಂದು ಕೇಳುವವರಿದ್ದಾರೆ. ಕೌಂಟರಿನಲ್ಲಿ ಒಬ್ಬರೇ ಇದ್ದು ಬೇಳೆ ತೂಗುತ್ತಾ ಇರುವ ಅಂಗಡಿಗೆ ಬೇಕೇ ಬೇಕು. ಹಣ ಬಂದಂತೆ ಹಸಿರು ಗುರುತು ತೋರಿಸುವ, ‘ಟಿಂಗ್’ ಎಂದು ಸದ್ದನ್ನೂ ಮಾಡುವ ನಕಲಿ ಆ್ಯಪ್‌ಗಳಿವೆ. ಗಿರಾಕಿಯ ಪರದೆ ಏನನ್ನೂ ಸಾಬೀತು ಮಾಡುವುದಿಲ್ಲ. ಸೌಂಡ್‌ಬಾಕ್ಸ್ ಒಳಗೆ ಅದರದೇ ಸಿಮ್ ಇರುತ್ತದೆ, ಅದು ಕಂಪನಿಯ ಸರ್ವರ್‌ನಿಂದ ಸುದ್ದಿ ಪಡೆದು ಹೇಳುತ್ತದೆ. ಕೆಲವೊಮ್ಮೆ ಹಣ ಬಂದಿದ್ದರೂ ಪೆಟ್ಟಿಗೆ ಮಾತಾಡುವುದಿಲ್ಲ: ಸಿಗ್ನಲ್ ಹೋಗಿರುತ್ತದೆ, ಚಾರ್ಜ್ ಇಳಿದಿರುತ್ತದೆ, ಅಥವಾ ಬಾಡಿಗೆ ಬಾಕಿ ಇದ್ದು ಸೇವೆ ನಿಲ್ಲಿಸಿರುತ್ತಾರೆ. ಅಂಥ ಹೊತ್ತಿನಲ್ಲಿ ಗಿರಾಕಿಯ ಜೊತೆ ವಾದ ಬೇಡ. ನಿಮ್ಮ ಫೋನಿನ ವ್ಯಾಪಾರಿ ಆ್ಯಪ್ ತೆರೆದು, ಅವರ ಪರದೆಯ 12 ಅಂಕಿಯ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನಿಮ್ಮ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಬಂದಿದೆ. ಅವರ ಖಾತೆಯಿಂದ ಹೋಗಿ ನಿಮಗೆ ಬಾರದೆ ಮಧ್ಯೆ ಸಿಕ್ಕಿದ್ದರೆ, ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ವ್ಯಾಪಾರಿ ಪಾವತಿಯಲ್ಲಿ ಐದು ದಿನದೊಳಗೆ ಅವರಿಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಉಂಟು. ಇದನ್ನು ಗಿರಾಕಿಗೆ ಸಮಾಧಾನವಾಗಿ ಹೇಳಿದರೆ ಸಂಬಂಧ ಕೆಡುವುದಿಲ್ಲ.

ಬೆಳಿಗ್ಗೆ ಬಾಗಿಲು ತೆರೆದ ಮೇಲೆ ಮನೆಯ ಇನ್ನೊಂದು ಫೋನಿನಿಂದ ನಿಮ್ಮದೇ ಕ್ಯೂಆರ್ ಸ್ಕ್ಯಾನ್ ಮಾಡಿ, ಬರುವ ಹೆಸರು ಓದಿ. ಹಣ ಹಾಕಬೇಕಿಲ್ಲ. ರಾತ್ರೋರಾತ್ರಿ ನಿಮ್ಮ ಸ್ಟಿಕ್ಕರ್ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುವವರಿದ್ದಾರೆ. ಸೌಂಡ್‌ಬಾಕ್ಸ್ ಸುಮ್ಮನಿದ್ದರೂ ಜನಸಂದಣಿಯಲ್ಲಿ ಗೊತ್ತಾಗದೆ ಅರ್ಧ ದಿನದ ಹಣ ಹೋಗುತ್ತದೆ. ಹೊರಗಿನ ಗೋಡೆಗೆ ಕ್ಯೂಆರ್ ಹಚ್ಚದೆ ಕೌಂಟರಿನ ಒಳಗಡೆ, ಕೈಗೆ ಸಿಗದ ಹಾಗೆ, ಕಣ್ಣಿಗೆ ಕಾಣುವ ಹಾಗೆ ಇಡಿ.

ಈಗ ಸಂಜೆಯ ಲೆಕ್ಕ. ಆ್ಯಪ್ ಬೇಕಿಲ್ಲ, ನೂರು ಪುಟದ ಗೆರೆ ನೋಟ್‌ಬುಕ್ ಸಾಕು, ಹತ್ತು ನಿಮಿಷದ ಕೆಲಸ. ಬೆಳಿಗ್ಗೆ ಗಲ್ಲಾದಲ್ಲಿ 2,000 ಇತ್ತು ಎನ್ನಿ. ರಾತ್ರಿ ಎಣಿಸಿದಾಗ 5,950 ಇದೆ. ಮಧ್ಯೆ ಲೈನ್ ಗಾಡಿಯವರಿಗೆ ನಗದು 3,200 ಕೊಟ್ಟಿರಿ, ಫೋನಿಗೆ ಹಾಕಿಸಿಕೊಂಡು ನೋಟು ಕೊಟ್ಟದ್ದು 500, ಹಳೇ ಉದ್ರಿ ನಗದಾಗಿ ಬಂದದ್ದು 400. ಹಾಗಾದರೆ ನಗದು ಮಾರಾಟ: 5,950ಕ್ಕೆ 3,200 ಮತ್ತು 500 ಕೂಡಿಸಿ, 2,000 ಮತ್ತು 400 ಕಳೆಯಿರಿ, 7,250. ವ್ಯಾಪಾರಿ ಆ್ಯಪ್ ತೋರಿಸುವ ದಿನದ ಒಟ್ಟು 9,800. ಅದರಲ್ಲಿ ಹಳೇ ಉದ್ರಿ 600, ನೋಟಿಗೆ ಬದಲಾಗಿ ಬಂದ 500 ತೆಗೆದರೆ ಫೋನ್ ಮಾರಾಟ 8,700. ಇವತ್ತು ಉದ್ರಿ ಕೊಟ್ಟದ್ದು 650. ದಿನದ ಮಾರಾಟ 16,600. ಬ್ಯಾಂಕ್ 9,800 ಎನ್ನುತ್ತದೆ, ಗಲ್ಲಾ 5,950 ಎನ್ನುತ್ತದೆ, ಸತ್ಯ ಈ ಎರಡರಲ್ಲೂ ಇಲ್ಲ, ನಿಮ್ಮ ನೋಟ್‌ಬುಕ್ಕಿನಲ್ಲಿದೆ.

ಅದೇ ಪುಟದಲ್ಲಿ ಇನ್ನೊಂದು ಸಾಲು ಬರೆಯಿರಿ: ತೆರಿಗೆ ಇಲ್ಲದ ಸರಕು ಎಷ್ಟು, ತೆರಿಗೆಯ ಸರಕು ಎಷ್ಟು. ಹಾಲು, ಮೊಟ್ಟೆ, ಉಳ್ಳಾಗಡ್ಡಿ, ಉಪ್ಪು, ಬಿಡಿಯಾಗಿ ತೂಗಿ ಕೊಡುವ ಜೋಳ, ಅಕ್ಕಿ, ಬೇಳೆ, ಬೆಲ್ಲ ತೆರಿಗೆ ಇಲ್ಲದವು. ಅದೇ ಅಕ್ಕಿ, ಬೇಳೆ 25 ಕಿಲೋ ಅಥವಾ ಅದಕ್ಕಿಂತ ಕಡಿಮೆಯ, ಲೇಬಲ್ ಹಾಕಿದ ಪ್ಯಾಕೆಟ್ಟಿನಲ್ಲಿದ್ದರೆ 2022ರ ಜುಲೈ 18ರಿಂದ ಶೇ 5 ತೆರಿಗೆ ಇದೆ. ಹೀಗಾಗಿ ಚೀಲ ಬಿಚ್ಚಿ ತೂಗಿದ್ದೋ ಪ್ಯಾಕೆಟ್ಟೋ ಎಂಬುದು ಮುಖ್ಯ. ಪ್ರತಿ ಚೀಟಿಯನ್ನೂ ಬಿಡಿಸಿ ಬರೆಯುವುದು ಅಂಗಡಿಯ ಗದ್ದಲದಲ್ಲಿ ಆಗದ ಮಾತು. ಸುಲಭದ ದಾರಿ ಖರೀದಿಯ ಕಡೆಯಿಂದ ಬರುವುದು: ಹಾಲಿನ ಡಬ್ಬಿ ಎಷ್ಟು ಬಂತು, ಎಪಿಎಂಸಿಯಿಂದ ಎಷ್ಟು ಚೀಲ ಬಂತು ಎಂಬ ಬಿಲ್ಲುಗಳು ಇದ್ದೇ ಇವೆ. ಪ್ರತಿ ಬಿಲ್ ಬಂದಕೂಡಲೇ ಫೋನಿನಲ್ಲಿ ಫೋಟೊ ತೆಗೆದು, ತಿಂಗಳಿಗೊಂದು ಫೋಲ್ಡರಿನಲ್ಲಿ ಇಡಿ. ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲಿನ ಅಕ್ಷರ ಆರು ತಿಂಗಳಿಗೆ ಮಾಸುತ್ತದೆ. ಫೋಟೊ ಉಳಿಯುತ್ತದೆ.

ನಿಮ್ಮ 56 ಲಕ್ಷದಲ್ಲಿ ಅರ್ಧ ತೆರಿಗೆ ಇಲ್ಲದ ಸರಕು ಎಂದಿಟ್ಟುಕೊಳ್ಳಿ. ನೋಂದಣಿಯ ಮಿತಿ ನೋಡುವಾಗ ಆ ಅರ್ಧವನ್ನೂ ಸೇರಿಸಿಯೇ ಎಣಿಸುತ್ತಾರೆ. ಎರಡೂ ಬಗೆಯ ಸರಕು ಇರುವುದರಿಂದ ನೀವು ನೋಂದಣಿ ಮಾಡಿಸಲೇಬೇಕು, ಮಿತಿ ದಾಟಿದ 30 ದಿನದೊಳಗೆ. ಆದರೆ ತೆರಿಗೆ ಬೀಳುವುದು ಉಳಿದ 28 ಲಕ್ಷದ ಮೇಲೆ ಮಾತ್ರ. ವರ್ಷಕ್ಕೆ 1.5 ಕೋಟಿ ಒಳಗಿನ ವ್ಯಾಪಾರಿಗಳಿಗೆ ಕಾಂಪೋಸಿಷನ್ ಯೋಜನೆ ಇದೆ, ಅಂದರೆ ತೆರಿಗೆಯ ಸರಕಿನ ಮಾರಾಟಕ್ಕೆಲ್ಲ ಒಂದೇ ಸರಳ ದರ, ಶೇ 1. ಅಂದರೆ ವರ್ಷಕ್ಕೆ 28 ಸಾವಿರ, ಮೂರು ತಿಂಗಳಿಗೆ 7 ಸಾವಿರ. ಲೆಕ್ಕವೇ ಇಲ್ಲದೆ ಯಾರಾದರೂ ಬ್ಯಾಂಕಿನಲ್ಲಿ ಕಂಡ 33 ಲಕ್ಷಕ್ಕೂ ಶೇ 18 ಹಾಕಿದರೆ ಅದು ಸುಮಾರು 6 ಲಕ್ಷ. 7 ಸಾವಿರದ ಕಂತಿಗೂ 6 ಲಕ್ಷದ ನೋಟಿಸಿಗೂ ನಡುವೆ ಇರುವುದು ಆ ನೋಟ್‌ಬುಕ್ ಮತ್ತು ಫೋಟೊ ಫೋಲ್ಡರ್.

ಕಾಂಪೋಸಿಷನ್‌ನಲ್ಲಿ ಗಿರಾಕಿಯಿಂದ ತೆರಿಗೆ ಪ್ರತ್ಯೇಕವಾಗಿ ತೆಗೆದುಕೊಳ್ಳುವಂತಿಲ್ಲ, ನೀವು ಖರೀದಿಗೆ ಕೊಟ್ಟ ತೆರಿಗೆ ಮರಳಿ ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ ನಮೂನೆ ಸಿಎಂಪಿ-08, ಮುಂದಿನ ತಿಂಗಳ 18ರೊಳಗೆ. ವರ್ಷಕ್ಕೊಮ್ಮೆ ರಿಟರ್ನ್, ಅಂದರೆ ಜಿಎಸ್‌ಟಿಆರ್-4, ಜೂನ್ 30ರೊಳಗೆ. ತಡವಾಗಿ ಕಟ್ಟಿದ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ನಿಮ್ಮಲ್ಲಿ ಖರೀದಿಸುವ ಖಾನಾವಳಿ, ಹೋಟೆಲಿನವರು ತೆರಿಗೆ ಬಿಲ್ಲೇ ಬೇಕು ಎನ್ನುವಷ್ಟು ದೊಡ್ಡ ಗಿರಾಕಿಗಳಾಗಿದ್ದರೆ ಸಾಮಾನ್ಯ ನೋಂದಣಿಯೇ ಒಳ್ಳೆಯದು. ಬರೀ ಮನೆಗಳ ವ್ಯಾಪಾರಕ್ಕೆ ಕಾಂಪೋಸಿಷನ್ ಸಾಕು. ಅಂಗಡಿ ಮುಂದೆ ಚಹಾ, ಮಿರ್ಚಿ ಮಾಡಿ ಮಾರುವ ಯೋಚನೆ ಇದ್ದರೆ ಮೊದಲೇ ತೆರಿಗೆ ಸಲಹೆಗಾರರನ್ನು ಕೇಳಿ, ಅದು ಸೇವೆಯ ಲೆಕ್ಕಕ್ಕೆ ಹೋಗುತ್ತದೆ.

ನೋಂದಣಿ ಅರ್ಜಿಯಲ್ಲಿ ಒಂದು ಸಣ್ಣ ಜಾಗದಲ್ಲಿ ಬಹಳ ಜನ ಎಡವುತ್ತಾರೆ. ಮೊಬೈಲ್ ಸಂಖ್ಯೆ, ಇಮೇಲ್ ಕೇಳುವಲ್ಲಿ ಅರ್ಜಿ ತುಂಬುವವರು ತಮ್ಮದನ್ನೇ ಹಾಕಿಬಿಡುತ್ತಾರೆ. ಒಟಿಪಿ ಅವರಿಗೆ ಹೋಗುತ್ತದೆ, ನೋಟಿಸಿನ ಸಂದೇಶವೂ ಅವರಿಗೇ ಹೋಗುತ್ತದೆ. ಇಲಾಖೆ ಪೋರ್ಟಲ್‌ನಲ್ಲಿ ನೋಟಿಸ್ ಹಾಕಿ ಗಡುವು ಮುಗಿದರೂ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ನಿಮ್ಮದೇ ಸಂಖ್ಯೆ, ನಿಮ್ಮದೇ ಇಮೇಲ್ ಕೊಡಿ. ಪಾಸ್‌ವರ್ಡ್ ನಿಮ್ಮ ಹತ್ತಿರವೂ ಇರಲಿ.

ಆದಾಯ ತೆರಿಗೆಯಲ್ಲಿ ಫೋನ್ ಹಣ ನಿಮಗೆ ಅನುಕೂಲವೇ. ಸಣ್ಣ ವ್ಯಾಪಾರಿಗಳ ಅಂದಾಜು ಲಾಭದ ಪದ್ಧತಿಯಲ್ಲಿ ನಗದು ಮಾರಾಟದ ಮೇಲೆ ಕನಿಷ್ಠ ಶೇ 8 ಲಾಭ ಎಂದು ತೋರಿಸಬೇಕು, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6. ನಿಮ್ಮ 33.25 ಲಕ್ಷಕ್ಕೆ ಶೇ 6, ಉಳಿದ 22.75 ಲಕ್ಷಕ್ಕೆ ಶೇ 8 ಹಾಕಿದರೆ ಸುಮಾರು 3.82 ಲಕ್ಷ. ಎಲ್ಲವೂ ನಗದಾಗಿದ್ದರೆ 4.48 ಲಕ್ಷ ಆಗುತ್ತಿತ್ತು. ಲಾಭ ನಿಜಕ್ಕೂ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನೇ ತೋರಿಸಬೇಕು.

ಇನ್ನು ಮಗಳ ವಾಟ್ಸ್‌ಆ್ಯಪ್ ಯೋಚನೆ. ಅದು ಒಳ್ಳೆಯದು, ಬಿಲ್ಲಿಂಗ್ ಆ್ಯಪ್‌ಗಿಂತ ಮೊದಲು ಅದನ್ನೇ ಮಾಡಿ. ಬೇರೆ ಸಿಮ್ ತೆಗೆದುಕೊಂಡು ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ, ಅದು ಉಚಿತ. ಕ್ಯಾಟಲಾಗ್‌ನಲ್ಲಿ 500 ಸರಕು ಹಾಕಬಹುದು, ಹಾಕಬೇಡಿ. ಉಳ್ಳಾಗಡ್ಡಿ, ಬೇಳೆ, ಎಣ್ಣೆಯ ಬೆಲೆ ವಾರಕ್ಕೆರಡು ಸಲ ಬದಲಾಗುತ್ತದೆ. ಹಳೇ ಬೆಲೆ ಕ್ಯಾಟಲಾಗ್‌ನಲ್ಲಿ ಉಳಿದು ಜಗಳಕ್ಕೆ ಕಾರಣವಾಗುತ್ತದೆ. ಬೆಲೆ ಅಚ್ಚಾಗಿರುವ 40–50 ಪ್ಯಾಕೆಟ್ ಸರಕು ಸಾಕು. ನಿಮ್ಮ ಊರಿನ ಗಿರಾಕಿ ಕ್ಯಾಟಲಾಗ್ ನೋಡಿ ಆರ್ಡರ್ ಮಾಡುವುದಿಲ್ಲ. ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಯಾದಿಯ ಫೋಟೊ ಕಳಿಸುತ್ತಾರೆ: ‘ತೊಗರಿ ಬ್ಯಾಳಿ 1, ಶೇಂಗಾ ಅರ್ಧ, ಹೋದ ಸಲದ್ದೇ ಚಾಪುಡಿ’. ಹಿರಿಯರು ದನಿ ಸಂದೇಶ ಕಳಿಸುತ್ತಾರೆ. ‘ಹೋದ ಸಲದ್ದೇ’ ಎಂದರೆ ಯಾವುದು ಎಂದು ತಿಳಿಯಲು ಹಿಂದಿನ ಸಂದೇಶ ಮೇಲಕ್ಕೆ ಸರಿಸಿ ನೋಡಿದರೆ ಸಾಕು. ವಾಟ್ಸ್‌ಆ್ಯಪ್‌ನ ಲಾಭ ಇರುವುದು ಇಲ್ಲಿ.

ಕೆಲಸ ಎಡವಟ್ಟಾಗುವುದು ಯಾದಿ ಬಂದ ಮೇಲೆ. ಕೌಂಟರಿನಲ್ಲಿ ನಿಂತ ಗಿರಾಕಿ ಮತ್ತು ಫೋನಿನಲ್ಲಿರುವ ಗಿರಾಕಿ ಇಬ್ಬರನ್ನೂ ಒಟ್ಟಿಗೆ ನೋಡಲು ಆಗುವುದಿಲ್ಲ. ಹೊತ್ತು ಗೊತ್ತು ಮಾಡಿ: ಬೆಳಿಗ್ಗೆ 11ರೊಳಗೆ ಬಂದ ಯಾದಿ ಮಧ್ಯಾಹ್ನ 2ಕ್ಕೆ, ಸಂಜೆ 5ರೊಳಗೆ ಬಂದದ್ದು ರಾತ್ರಿ 8ಕ್ಕೆ ಸಿದ್ಧ. ಇದನ್ನು ತಾನಾಗಿ ಹೋಗುವ ಸ್ವಾಗತ ಸಂದೇಶದಲ್ಲಿ ಬರೆದಿಡಿ. ಬಂದ ಯಾದಿಗೆ ‘ಕಟ್ಟಬೇಕು’, ಕಟ್ಟಿದ್ದಕ್ಕೆ ‘ಕಳಿಸಬೇಕು’, ಹಣ ಬಾರದ್ದಕ್ಕೆ ‘ಬಾಕಿ’ ಎಂದು ಲೇಬಲ್ ಹಚ್ಚಿ. ಈ ಮೂರಕ್ಕಿಂತ ಹೆಚ್ಚು ಬೇಡ, ಹೆಚ್ಚಾದರೆ ಯಾರೂ ಹಚ್ಚುವುದಿಲ್ಲ. ಸರಕು ಇಲ್ಲದಿದ್ದರೆ ಬದಲಿ ಹಾಕುವ ಮೊದಲು ಕೇಳಿ. ಕೇಳದೆ ಹಾಕಿದ ಒಂದು ಪ್ಯಾಕೆಟ್‌ಗಾಗಿ ಇಡೀ ಚೀಲ ವಾಪಸ್ ಬರುತ್ತದೆ. ಒಟ್ಟು ಮೊತ್ತ ಹೇಳುವಾಗ ಯಾದಿಯ ಪಕ್ಕದಲ್ಲೇ ಪ್ರತಿ ಸಾಲಿಗೆ ಬೆಲೆ ಬರೆದು ಅದರ ಫೋಟೊ ಕಳಿಸಿ. ಆ ಫೋಟೊವೇ ಉದ್ರಿಗೂ ಸಾಕ್ಷಿ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ವಾರಕ್ಕೆ ಒಂದೇ ಸಂದೇಶ ಸಾಕು: ಹೊಸ ಜೋಳ ಬಂತು, ಬೆಲ್ಲ ಬಂತು. ಶುಭೋದಯದ ಚಿತ್ರ ಕಳಿಸಿದರೆ ಜನ ನಿಮ್ಮನ್ನು ಬ್ಲಾಕ್ ಮಾಡುತ್ತಾರೆ, ಹೆಚ್ಚು ಜನ ಬ್ಲಾಕ್ ಮಾಡಿದರೆ ಸಂಖ್ಯೆಯೇ ನಿಂತುಹೋಗಬಹುದು.

ವಾಟ್ಸ್‌ಆ್ಯಪ್ ಇನ್ನೊಂದು ಬಾಗಿಲನ್ನೂ ತೆರೆಯುತ್ತದೆ, ಅಲ್ಲಿ ಎಚ್ಚರ ಬೇಕು. ಪುಣೆಯಲ್ಲಿರುವ ಊರಿನವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊರಿಯರ್ ಮಾಡಿ ಎನ್ನುತ್ತಾರೆ. ಕಾಂಪೋಸಿಷನ್‌ನಲ್ಲಿರುವವರು ಬೇರೆ ರಾಜ್ಯಕ್ಕೆ ಸರಕು ಮಾರುವಂತಿಲ್ಲ. ಆ ವ್ಯಾಪಾರ ದೊಡ್ಡದಾಗುವ ಲಕ್ಷಣ ಕಂಡರೆ ಮೊದಲೇ ಸಾಮಾನ್ಯ ನೋಂದಣಿ ಆರಿಸಿಕೊಳ್ಳಿ. ಬೆಂಗಳೂರಿಗೆ, ಹುಬ್ಬಳ್ಳಿಗೆ ಕಳಿಸಲು ಅಡ್ಡಿ ಇಲ್ಲ.

ಬಿಲ್ಲಿಂಗ್ ಆ್ಯಪ್‌ಗೆ ಆರು ತಿಂಗಳು ಕಾಯಿರಿ. ಸಾವಿರ ಬಗೆಯ ಸರಕಿಗೆ ಬೆಲೆ, ತೂಕ, ತೆರಿಗೆ ದರ ತುಂಬುವುದೇ ತಿಂಗಳ ಕೆಲಸ. ಅರ್ಧ ತುಂಬಿ ಬಿಟ್ಟ ಆ್ಯಪ್‌ನಿಂದ ತಪ್ಪು ಬಿಲ್ ಬರುತ್ತದೆ. ಅಲ್ಲಿಯವರೆಗೆ ಅಚ್ಚಾದ ಬಿಲ್ ಪುಸ್ತಕ ಸಾಕು, ಅದರ ತಲೆಯಲ್ಲಿ ನೀವು ಕಾಂಪೋಸಿಷನ್ ತೆರಿಗೆದಾರರು, ತೆರಿಗೆ ಸಂಗ್ರಹಿಸುವ ಹಕ್ಕಿಲ್ಲ ಎಂಬ ಒಕ್ಕಣೆ ಇರಬೇಕು. 200 ರೂಪಾಯಿಗಿಂತ ಕಡಿಮೆಯ ವ್ಯಾಪಾರಕ್ಕೆ, ಗಿರಾಕಿ ಕೇಳದಿದ್ದರೆ, ಬಿಡಿಬಿಡಿಯಾಗಿ ಬಿಲ್ ಬೇಕಿಲ್ಲ. ದಿನದ ಕೊನೆಗೆ ಎಲ್ಲ ಸೇರಿಸಿ ಒಂದು ಬರೆಯಬಹುದು. ಮುಂದೆ ಆ್ಯಪ್ ಕೊಳ್ಳುವಾಗ ಒಂದೇ ಪರೀಕ್ಷೆ: ಡೇಟಾವನ್ನು ಎಕ್ಸೆಲ್ ಕಡತವಾಗಿ ಹೊರಗೆ ತೆಗೆಯಲು ಬರುತ್ತದೆಯೇ? ಬಾರದಿದ್ದರೆ ಬೇಡ.

ವಂಚನೆಯಲ್ಲಿ ಎರಡು ಸಂಗತಿ ನಿಮ್ಮಂಥ ಅಂಗಡಿಗೆ ನೇರವಾಗಿ ತಟ್ಟುತ್ತವೆ. ಒಂದು, ‘ತಪ್ಪಿ 5 ಸಾವಿರ ಹಾಕಿಬಿಟ್ಟೆ, ವಾಪಸ್ ಕಳಿಸಿ’ ಎಂಬ ಕರೆ. ಹಣ ಬಂದಂತೆ ಒಂದು ಎಸ್‌ಎಂಎಸ್ ಕೂಡ ಬಂದಿರುತ್ತದೆ, ಅದು ಬ್ಯಾಂಕಿನದಲ್ಲ. ಖಾತೆಯಲ್ಲಿರುವ ಮೊತ್ತ ನೋಡದೆ ಏನೂ ಕಳಿಸಬೇಡಿ. ನಿಜಕ್ಕೂ ಬಂದಿದ್ದರೂ ಕರೆ ಮಾಡಿದವರು ಹೇಳಿದ ಬೇರೆ ಸಂಖ್ಯೆಗೆ ಹಾಕಬೇಡಿ, ಬ್ಯಾಂಕ್ ಮೂಲಕವೇ ಮರಳಿಸಿ. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಇನ್ನೊಂದು, ಎಲ್ಲೋ ಯಾರನ್ನೋ ವಂಚಿಸಿದ ಹಣದಿಂದ ಯಾರೋ ನಿಮ್ಮಲ್ಲಿ 800 ರೂಪಾಯಿಯ ಸಾಮಾನು ಕೊಂಡಿರುತ್ತಾರೆ. ಪೊಲೀಸ್ ದೂರಿನ ಜಾಡು ನಿಮ್ಮ ಖಾತೆಗೆ ಬಂದು ಖಾತೆ ತಡೆಹಿಡಿಯಲ್ಪಡುತ್ತದೆ. ಗಾಬರಿ ಬೇಡ. ಬ್ಯಾಂಕಿನಿಂದ ದೂರಿನ ಸ್ವೀಕೃತಿ ಸಂಖ್ಯೆ, ಯಾವ ಠಾಣೆ, ಎಷ್ಟು ಮೊತ್ತ ಎಂದು ಬರಹದಲ್ಲಿ ಕೇಳಿ. ಆ ದಿನದ ಬಿಲ್ ಮತ್ತು ನೋಟ್‌ಬುಕ್ ಪುಟ ಲಗತ್ತಿಸಿ, ವಿವಾದದ 800ಕ್ಕೆ ಮಾತ್ರ ತಡೆ ಇಟ್ಟು ಉಳಿದದ್ದನ್ನು ಬಿಡಿ ಎಂದು ಅರ್ಜಿ ಕೊಡಿ. ಮನೆಯ ಹಣ ಬೇರೆ ಖಾತೆಯಲ್ಲಿರಬೇಕು ಎಂದು ಒತ್ತಿ ಹೇಳಿದ್ದು ಇದಕ್ಕೂ ಹೌದು: ಅಂಗಡಿ ಖಾತೆ ನಿಂತರೂ ಒಲೆ ಉರಿಯಬೇಕು. ನೀವೇ ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ಹಣ ತಡೆಯುವ ಅವಕಾಶ ಹೆಚ್ಚು.

ವ್ಯಾಪಾರಿ ಆ್ಯಪ್‌ಗಳು ಕೆಲವು ತಿಂಗಳಲ್ಲೇ ಸಾಲ ಕೊಡಲು ಮುಂದೆ ಬರುತ್ತವೆ. ಒಂದು ಲಕ್ಷ ಸಾಲ, ದಿನಕ್ಕೆ 400ರಂತೆ 300 ದಿನ ಹಿಡಿದುಕೊಂಡರೆ ಕಟ್ಟುವುದು 1.2 ಲಕ್ಷ. ಶೇ 20 ಎಂದು ಕಾಣುತ್ತದೆ. ಆದರೆ ಅಸಲು ದಿನದಿನವೂ ಕರಗುತ್ತಿರುವುದರಿಂದ ನಿಜವಾದ ವಾರ್ಷಿಕ ಬಡ್ಡಿ ಶೇ 40 ದಾಟುತ್ತದೆ. ಸಾಲ ಕೊಡುವವರು ವಾರ್ಷಿಕ ದರ ನಮೂದಿಸಿದ ಮುಖ್ಯಾಂಶ ಪತ್ರ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮವಿದೆ, ಅದನ್ನು ಕೇಳಿ ಓದಿ. ಒಂದು ವರ್ಷದ ಚಾಲ್ತಿ ಖಾತೆಯ ಪಟ್ಟಿ, ಜಿಎಸ್‌ಟಿ ಮತ್ತು ಆದಾಯ ತೆರಿಗೆ ರಿಟರ್ನ್ ಇದ್ದರೆ ಸಣ್ಣ ವ್ಯಾಪಾರಿಗಳಿಗಾಗಿ ಇರುವ ಸರ್ಕಾರದ ಮುದ್ರಾ ಸಾಲಕ್ಕೆ ಬ್ಯಾಂಕಿನ ಮುಂದೆ ಧೈರ್ಯವಾಗಿ ಕೂರಬಹುದು.

ಮೊದಲ ವಾರ ಉದ್ಯಮ್ ಪತ್ರ ಮತ್ತು ಬ್ಯಾಂಕ್ ಅರ್ಜಿ, ಖಾತೆ ಬಂದಕೂಡಲೇ ಕ್ಯೂಆರ್, ಜೊತೆಜೊತೆಗೇ ಜಿಎಸ್‌ಟಿ ನೋಂದಣಿ. ನೋಟ್‌ಬುಕ್ ಮಾತ್ರ ಇವತ್ತು ಸಂಜೆಯಿಂದಲೇ. ಹಿಂದಿನ ವರ್ಷಗಳೂ 40 ಲಕ್ಷ ದಾಟಿದ್ದರೆ ನೋಂದಣಿಗೆ ಮೊದಲು ತೆರಿಗೆ ಸಲಹೆಗಾರರ ಹತ್ತಿರ ಹಳೇ ಬ್ಯಾಂಕ್ ಪಟ್ಟಿಯನ್ನೂ ಖರೀದಿ ಬಿಲ್ಲುಗಳನ್ನೂ ಒಯ್ದು ಕುಳಿತು ಮಾತಾಡಿ. ಹೊಸ ಕ್ಯೂಆರ್ ಬಂದ ದಿನ ಹಳೆಯ ಸ್ಟಿಕ್ಕರ್ ಪೂರ್ತಿ ಕಿತ್ತು ಗಾಜು ಒರೆಸಿ. ಎರಡೂ ಕಂಡರೆ ಗಿರಾಕಿಯ ಕೈ ಹಳೆಯದಕ್ಕೇ ಹೋಗುತ್ತದೆ. ನಿತ್ಯದ ಗಿರಾಕಿಗಳಲ್ಲಿ ಸ್ಕ್ಯಾನ್ ಮಾಡದೆ ನಿಮ್ಮ ಫೋನ್ ಸಂಖ್ಯೆಗೇ ಹಣ ಹಾಕುವವರು ಹತ್ತಿಪ್ಪತ್ತು ಜನ ಇದ್ದೇ ಇರುತ್ತಾರೆ, ಅದು ಈಗಲೂ ಉಳಿತಾಯ ಖಾತೆಗೇ ಹೋಗುತ್ತದೆ. ಅವರಿಗೆ ಹೊಸ ಕ್ಯೂಆರ್‌ನ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಮುಂದಿನ ಸಲ ಬಂದಾಗ ಕೌಂಟರಿನಲ್ಲೇ ಒಮ್ಮೆ ಸ್ಕ್ಯಾನ್ ಮಾಡಿಸಿ. ಒಂದು ಸಲ ಹಾಕಿದರೆ ಅವರ ಫೋನಿನಲ್ಲಿ ಅಂಗಡಿಯ ಹೆಸರು ಉಳಿಯುತ್ತದೆ.